ಬೀಗರ ಫೋನು ಕಟ್ ಮಾಡಿದ್ದು

ನನ್ನ ಮಗಳ ಮಾವನಾಗಬೇಕಾಗಿದ್ದವರ ಫೋನನ್ನು ನಾನು ಮಾತಿನ ನಡುವೆಯೇ ಕಟ್ ಮಾಡಿದೆ. ಕೈ ತಪ್ಪಿ ಆದದ್ದಲ್ಲ, ನೆಟ್‌ವರ್ಕ್ ಹೋದದ್ದೂ ಅಲ್ಲ. ಗೊತ್ತಿದ್ದೇ, ಬೆರಳಿಟ್ಟು ಒತ್ತಿ ಕಟ್ ಮಾಡಿದೆ. ಅದೂ ಎರಡು ಸಲ. ಆಗಿನ್ನೂ ಮದುವೆಯ ಕಾರ್ಡು ಸಹ ಅಚ್ಚಾಗಿರಲಿಲ್ಲ. ಈ ಸುದ್ದಿ ನಮ್ಮ ನೆಂಟರಲ್ಲಿ ಬಾಯಿಂದ ಬಾಯಿಗೆ ಬೆಳೆದು ಈಗ ನಾನು ಬೀಗರಿಗೆ ಬಾಯಿಗೆ ಬಂದಂತೆ ಬೈದೆ ಎನ್ನುವವರಿದ್ದಾರೆ, ಪೊಲೀಸರನ್ನು ಕರೆಸಿದೆ ಎನ್ನುವವರೂ ಇದ್ದಾರೆ. ಯಾರ್‍ಯಾರೋ ಹೇಳುವುದಕ್ಕಿಂತ ನಾನೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಬಾಗಲಕೋಟೆ ಕಡೆಯ ಮನೆಗಳಲ್ಲಿ ಹೆಣ್ಣಿನವರು ಬೀಗರ ಫೋನನ್ನು ತಾವಾಗಿ ಇಡುವುದಿಲ್ಲ. ಹೀಗೆಂದು ಯಾರೂ ಕೂತು ಕಲಿಸಿದ್ದಲ್ಲ, ನೋಡಿ ಕಲಿತದ್ದು. ನನ್ನ ಅತ್ತೆಯ ಮನೆಯಿಂದ ಫೋನು ಬಂತೆಂದರೆ ನನ್ನ ಅವ್ವ ಎದ್ದು ನಿಲ್ಲುತ್ತಿದ್ದಳು, ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. "ಯವ್ವಾ, ಅವರಿಗೇನು ನೀ ಕಾಣಸ್ತೀಯೇನು? ಕೂಡು" ಎಂದರೆ ಕಣ್ಣಲ್ಲೇ ಗದರಿಸುತ್ತಿದ್ದಳು. ಅವರು ಹೇಳಿದ್ದಕ್ಕೆಲ್ಲ ಹೂನ್ರಿ, ಹೌದ್ರಿ, ಆತ್ರಿ. ಮರುಪ್ರಶ್ನೆ ಇಲ್ಲ. ಆ ಕಡೆ ಇಟ್ಟ ಸದ್ದು ಕೇಳಿದ ಮೇಲೆಯೇ ಇವಳು ಕೂರುವುದು. ಇದನ್ನು ನೋಡಿ ನಾನು ಎಷ್ಟು ನಕ್ಕಿದ್ದೇನೋ! ಮಗಳ ಮದುವೆ ನಿಶ್ಚಯವಾಗಿ ಹುಬ್ಬಳ್ಳಿಯ ಬೀಗರ ಫೋನು ಬರತೊಡಗಿದ ಮೇಲೆ ಒಂದು ದಿನ ನೋಡಿಕೊಂಡರೆ ನಾನೂ ನಿಂತಿದ್ದೇನೆ. ಸೆರಗಿಲ್ಲದ್ದಕ್ಕೆ ಓಢಣಿ ಸರಿಮಾಡಿಕೊಂಡಿದ್ದೆ, ಅಷ್ಟೇ ವ್ಯತ್ಯಾಸ.

ಹಾಗೆಂದು ನಾನು ಹೆದರುಪುಕ್ಕಲಿ ಅಲ್ಲ. ಪುಣೆಯ ಖಡಕಿ ಬಜಾರದಲ್ಲಿ ನಮ್ಮದೊಂದು ಸಣ್ಣ ಅಂಗಡಿ ಇದೆ. ಫೌಜಿನವರಿಗೆ, ಮಿಲಿಟರಿಯವರಿಗೆ ಬೇಕಾಗುವ ಬೂಟು, ಬೆಲ್ಟು, ಟೋಪಿ, ಸೊಳ್ಳೆಪರದೆ, ಟ್ರಂಕು, ಯೂನಿಫಾರ್ಮಿನ ಬಟ್ಟೆ. ಮಧ್ಯಾಹ್ನ ನಮ್ಮನೆಯವರು ಮಾಲು ತರಲು ಹೋದಾಗ ಗಲ್ಲಾಪೆಟ್ಟಿಗೆಯ ಮುಂದೆ ನಾನೇ ಕೂರುವುದು. ಯೂನಿಫಾರ್ಮಿನ ಬಟ್ಟೆ ಕೇಳಿದವರು ಗುರುತಿನ ಕಾರ್ಡು ತೋರಿಸಬೇಕು. ಮೀಸೆ ಎಷ್ಟೇ ಉದ್ದವಿರಲಿ, ಮಾತು ಎಷ್ಟೇ ಗತ್ತಿನದಿರಲಿ, "ಕಾರ್ಡ್ ದಾಖವಾ ಸಾಹೇಬ್" ಎಂದು ಮರಾಠಿಯಲ್ಲಿ ಕೇಳಿಯೇ ನಾನು ಬಟ್ಟೆಯ ಥಾನಿಗೆ ಕೈ ಹಾಕುವುದು. ಅಂಗಡಿಯಲ್ಲಿ ನನ್ನ ನಾಲಿಗೆ ಚುರುಕು ಎಂದು ಬಜಾರಕ್ಕೆಲ್ಲ ಗೊತ್ತು.

ಫೋನಿನ ಕಳ್ಳರನ್ನೂ ನಾನು ಸುಮ್ಮನೆ ಬಿಟ್ಟವಳಲ್ಲ. ಅವರೆಲ್ಲ ಹಿಂದಿಯಲ್ಲಿ ಬರುತ್ತಿದ್ದರು. ನಿಮ್ಮ ಕಾರ್ಡು ಬಂದಾಯಿತು, ನಿಮ್ಮ ಪಾರ್ಸೆಲ್ಲಿನಲ್ಲಿ ಏನೋ ಸಿಕ್ಕಿದೆ, ಸಂಜೆಗೆ ನಿಮ್ಮ ಕರೆಂಟು ಹೋಗುತ್ತದೆ. ಒಬ್ಬನಿಗೆ "ಬೇಗ ತೆಗಿಯಪ್ಪಾ ಕರೆಂಟು, ಬಿಲ್ಲರ ಉಳೀತದ" ಎಂದು ಕನ್ನಡದಲ್ಲೇ ಹೇಳಿ ಅವನ ತಲೆ ಕೆಡಿಸಿದ್ದೆ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಇಂಥವಳಿಗೆ ಯಾರು ಮೋಸ ಮಾಡುತ್ತಾರೆ ಎಂಬ ಜಂಬ ನನಗೆ ಇದ್ದೇ ಇತ್ತು.

ಹುಡುಗ ಪುಣೆಯ ವಿಮಾನ ನಗರದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದ. ಮಗಳ ಆಫೀಸೂ ಅಲ್ಲೇ. ಇಬ್ಬರೂ ಒಪ್ಪಿ, ಎರಡೂ ಮನೆಯವರು ಕೂತು ಮಾತಾಡಿ ನಿಶ್ಚಿತಾರ್ಥ ಮಾಡಿದೆವು. ಮರುದಿನವೇ ಪುಣೆಯ ನಮ್ಮ ಜನರ ವಾಟ್ಸ್ಯಾಪ್ ಗುಂಪಿನಲ್ಲಿ ಫೋಟೋಗಳು ಬಂದವು. ಹಾಕಿದವರು ಬರೀ ಫೋಟೋ ಹಾಕಿ ಸುಮ್ಮನಾಗಲಿಲ್ಲ. ಇವರು ಹುಡುಗನ ತಂದೆ, ಇವರು ತಂದೆಯ ತಮ್ಮ, ಕಾಕಾ, ಇವರು ಹುಡುಗಿಯ ತಾಯಿ, ಖಡಕಿಯಲ್ಲಿ ಅಂಗಡಿ ಎಂದು ಪ್ರತಿಯೊಬ್ಬರ ಜಾತಕವನ್ನೇ ಬರೆದರು. ನೂರಾರು ಜನರಿರುವ ಗುಂಪು. ಯಾರು ನಮ್ಮವರು, ಯಾರು ಅಲ್ಲ ಎಂದು ನೋಡಿದವರಿಲ್ಲ.

ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಫೋನು ಬಂತು.

"ನಮಸ್ಕಾರ್ರಿ ಬೀಗತೇರ. ನಾ ಹುಡುಗನ ಕಾಕಾ ಮಾತಾಡೂದು, ಹುಬ್ಬಳ್ಳಿಯಿಂದ. ಊಟ ಆತ್ರಿ?"

ಎದ್ದು ನಿಂತೆ. ಓಢಣಿ ಸರಿ ಮಾಡಿಕೊಂಡೆ.

ಎಂಥ ಮಾತು ಅಂತೀರಿ! ನಮ್ಮ ಊರಿನ ಕಟ್ಟೆಯ ಮೇಲೆ ಕೂತು ಮಾತಾಡಿದಂಥ ಕನ್ನಡ. ದಿನವಿಡೀ ಮರಾಠಿ, ಹಿಂದಿ ಆಡಿ ಆಡಿ ದಣಿದ ಕಿವಿಗೆ ತಂಪಾಯಿತು. ಅವರು ಹುಡುಗಿಗೆಂದು ಇಳಕಲ್ ಸೀರೆ ನೋಡಲು ಅಂಗಡಿಗೆ ಬಂದಿದ್ದರಂತೆ. ಇದು ಅವರ ಕಡೆಯಿಂದ ಬೇರೆ ಉಡುಗೊರೆ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಮದುವೆಯ ದಿನವೇ ಎಲ್ಲರಿಗೂ ತೋರಿಸುವುದಂತೆ. ಸೀರೆ ಕಟ್ಟಿಸಿಯಾಗಿದೆ, ಆದರೆ ಅವರ ಫೋನಿನಿಂದ ದುಡ್ಡು ಹೋಗುತ್ತಿಲ್ಲ.

"ಕೇಳಾಕ ನಾಚಿಕಿ ಆಗ್ತದ್ರಿ ಬೀಗತೇರ. ಅಂಗಡಿಯಾಂವ ಎದುರಿಗೇ ನಿಂತಾನ. ನೀವು ಅವನ ನಂಬರಿಗೆ ಹಾಕ್ರಿ, ಸಂಜೀಕ ನಾ ನಿಮಗ ಹಾಕ್ತೀನಿ. ಅಣ್ಣಗ ಮಾತ್ರ ಹೇಳಬ್ಯಾಡ್ರಿ. ಹೆಣ್ಣಿನವರ ಹತ್ರ ರೊಕ್ಕ ಕೇಳಿದಿ ಅಂತ ಅಂವ ಮತ್ತ ನನ್ನ ಮಾರಿ ನೋಡೂದಿಲ್ಲ."

ಆ ಕೊನೆಯ ಮಾತಿಗೆ ನಾನು ಕರಗಿ ನೀರಾದೆ. ಎಂಥ ಜನ, ಹೆಣ್ಣಿನವರ ಹತ್ತಿರ ಕೇಳಲು ಎಷ್ಟು ಸಂಕೋಚ ಎಂದು ಕಣ್ಣು ತುಂಬಿ ಬಂತು. ಫೋನು ಇಟ್ಟು ಹುಡುಗನ ಅಪ್ಪನನ್ನು ಒಂದು ಮಾತು ಕೇಳಿದರೆ ಆಗುತ್ತಿತ್ತು. ಆದರೆ ಕೇಳಿದರೆ ಈ ಬಡಪಾಯಿ ಕಾಕಾನನ್ನು ಸಿಕ್ಕಿಸಿದಂತಾಗುತ್ತದೆ. ಬೀಗರ ಮೇಲೆ ಸಂಶಯಪಟ್ಟ ಹಾಗೂ ಆಗುತ್ತದೆ. ಅದಿರಲಿ, ಫೋನು ಇಡುವುದಾದರೂ ಹೇಗೆ? ಅವರು "ಲೈನಿನ್ಯಾಗ ಇರ್ರಿ" ಎಂದಿದ್ದರು. ನಾನು ಇದ್ದೆ. ಮೊದಲು ಸೀರೆಗೆ ದುಡ್ಡು ಹಾಕಿದೆ. ಆಮೇಲೆ ಅವರು ಕೇಳಿದರೆಂದು ಅಳಿಯನಾಗುವವನ ರೇಷ್ಮೆ ಬಟ್ಟೆಗೂ ಹಾಕಿದೆ. ಬೂಟು ಕೊಳ್ಳಲು ಬಂದ ಜವಾನರಿಬ್ಬರು ಕಾದು ಕಾದು ಎದ್ದು ಹೋದರು. ಒಟ್ಟು ಎಷ್ಟು ಹೋಯಿತು ಎಂದು ಮಾತ್ರ ಕೇಳಬೇಡಿ, ಕೇಳಿದವರಿಗೆಲ್ಲ ಹೇಳಿ ಹೇಳಿ ನನಗೆ ಸಾಕಾಗಿದೆ.

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮಗಳು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಹೇಳಿಬಿಟ್ಟೆ, "ನಿನ್ನ ಕಾಕಾಮಾವ ಭಾಳ ಛಲೋ ಮನಷ್ಯಾ ನೋಡ, ಏನು ಮಾತು, ಏನು ಮಾತು!"

ಅವಳು ನಿಂತಲ್ಲೇ ನಿಂತಳು. "ಅವ್ವಾ, ಕಾಕಾ ಮಾತಾಡಿದ್ರಾ? ಅಷ್ಟೊತ್ತು?"

ಆಗ ನನಗೆ ನೆನಪಾಯಿತು. ನಿಶ್ಚಿತಾರ್ಥದ ದಿನವಿಡೀ ಆ ಕಾಕಾ "ಹೂಂ" ಎಂದೂ "ಸಾಕು" ಎಂದೂ ಬಿಟ್ಟು ಬೇರೇನೂ ಅಂದಿರಲಿಲ್ಲ. ಮಗಳು ಹುಡುಗನಿಗೆ ಫೋನು ಮಾಡಿದಳು, ಹುಡುಗ ಕಾಕಾನನ್ನು ಕೇಳಿದ. ಕಾಕಾ "ಇಲ್ಲ" ಎಂದರಂತೆ. ಆಗಲೂ ಅಷ್ಟೇ ಮಾತು.

ಸಹಾಯವಾಣಿಗೆ ದೂರು ಕೊಟ್ಟೆವು, ಪೊಲೀಸ್ ಚೌಕಿಗೂ ಹೋದೆವು. ಬರೆದುಕೊಳ್ಳುತ್ತಿದ್ದ ಪೊಲೀಸ್ ಮರಾಠಿಯವನು. ಫೋನು ಇಟ್ಟು ನಿಮ್ಮ ಹತ್ತಿರವಿದ್ದ ನಂಬರಿಗೆ ನೀವೇ ಮರಳಿ ಏಕೆ ಮಾಡಲಿಲ್ಲ ತಾಯೀ ಎಂದು ಕೇಳಿದ. "ವ್ಯಾಹ್ಯಾಂಚಾ ಫೋನ್ ಹೋತಾ" ಎಂದೆ, ಬೀಗರ ಫೋನಾಗಿತ್ತಪ್ಪಾ ಎಂದು. ಅವನು ಪೆನ್ನು ಕೆಳಗಿಟ್ಟು, ತಲೆ ಅಲ್ಲಾಡಿಸಿ, "ಮಗ್ ಕಸಾ ಠೇವಣಾರ್" ಎಂದ. ಮತ್ತೆ ಹೇಗೆ ಇಡುತ್ತೀರಿ, ಪಾಪ, ಎನ್ನುವ ಹಾಗೆ. ಅವನಿಗೂ ಮದುವೆಯಾದ ಮಗಳಿರಬೇಕು.

ಅಲ್ಲಿಗೂ ನಾನು ಅತ್ತು ಸುಮ್ಮನಾಗುತ್ತಿದ್ದೆನೇನೋ. ಮರುದಿನ ಹುಡುಗನ ಅಪ್ಪನ ಫೋನು ಬಂತು. ಇವರು ನಿಜವಾದ ಬೀಗರೇ, ನನ್ನ ಫೋನಿನಲ್ಲಿದ್ದ ನಂಬರಿನಿಂದಲೇ.

"ಆದದ್ದು ಆತು ಬೀಗತೇರ. ಇದನ್ನ ಎಲ್ಲೂ ಆಡಬ್ಯಾಡ್ರಿ. ಇದರಾಗ ನಮ್ಮ ಮನಿತನದ ಹೆಸರು ಬರ್ತದ."

"ಹೂನ್ರಿ" ಎಂದೆ, ನಿಂತುಕೊಂಡೇ. ಅವರು ಇಟ್ಟ ಮೇಲೆ ಕೂತೆ. ಕೂತ ಮೇಲೆ ಸಿಟ್ಟು ನೆತ್ತಿಗೇರಿತು. ಕಳ್ಳನೂ ಯಾರಿಗೂ ಹೇಳಬೇಡ ಎಂದ, ಬೀಗರೂ ಯಾರಿಗೂ ಹೇಳಬೇಡ ಎನ್ನುತ್ತಾರೆ! ಹಾಗಾದರೆ ನಾನು ಈ ಬಾಯಿ ಇಟ್ಟುಕೊಂಡು ಮಾಡುವುದಾದರೂ ಏನು? ನಾಳೆ ಆ ಕಳ್ಳ ಇದೇ ಗುಂಪಿನಿಂದ ಇನ್ನೊಬ್ಬ ಹೆಣ್ಣಿನ ತಾಯಿಯನ್ನು ಹುಡುಕುತ್ತಾನೆ. ಅವಳೂ ಎದ್ದು ನಿಂತು ಹೂನ್ರಿ ಎನ್ನುತ್ತಾಳೆ.

ಫೋನು ತೆಗೆದುಕೊಂಡು ಅದೇ ಗುಂಪಿಗೆ ಮಾತಿನ ಸಂದೇಶ ಹಾಕಿದೆ. ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಕೊನೆಗೆ ಹೀಗೆಂದೆ: "ಇನ್ನ ಮ್ಯಾಲ ಯಾರರ ಫೋನ ಮಾಡಿ ರೊಕ್ಕ ಕೇಳಲಿ, ಕಾಗದಪತ್ರ ಕೇಳಲಿ, ನಾ ಕಟ್ ಮಾಡ್ತೀನಿ. ನನ್ನ ಹತ್ರ ಇದ್ದ ನಂಬರಿಗೆ ನಾನ ಮಾಡಿ, ಖಾತ್ರಿ ಮಾಡಿಕೊಂಡು, ಆಮ್ಯಾಲ ಮಾತು. ಅಣ್ಣ ಇರಲಿ, ತಮ್ಮ ಇರಲಿ, ಬೀಗರಿರಲಿ. ಸಿಟ್ಟ ಬಂದ್ರ ಬರಲಿ."

ನಮ್ಮನೆಯವರು ಓಡಿ ಬಂದರು. "ಏ ಮಾರಾಯ್ತಿ, ಬೀಗರೂ ಅದಾರ ಆ ಗುಂಪಿನ್ಯಾಗ! ನಿಶ್ಚಯ ಆದ ಮ್ಯಾಲ ಅವರನ್ನೂ ಸೇರಿಸ್ಯಾರ!"

"ಗೊತ್ತದ್ರಿ. ಅದಕ್ಕನ ಹಾಕೇನಿ."

ಗುಂಪಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಕೈಮುಗಿದ ಚಿತ್ರಗಳು ಬಂದವು, ಅಷ್ಟೇ. ಆದರೆ ಒಬ್ಬೊಬ್ಬರೇ ಬೇರೆಯಾಗಿ ನನಗೆ ಫೋನು ಮಾಡತೊಡಗಿದರು. ನನಗೂ ಹೀಗಾಗಿತ್ತು, ನಮ್ಮನೆಯವರಿಗೆ ಗೊತ್ತಿಲ್ಲ, ನೀವೂ ಹೇಳಬೇಡಿ. ರಾಂಜಣಗಾಂವದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ದೊಡ್ಡ ಮನುಷ್ಯನೊಬ್ಬ ಫೋನಿನಲ್ಲೇ ಅತ್ತ. ಎಷ್ಟೊಂದು ಜನ, ಒಬ್ಬೊಬ್ಬರೂ ತಮಗೊಬ್ಬರಿಗೇ ಆದದ್ದು ಎಂದುಕೊಂಡು ಒಳಗೊಳಗೇ ಬೇಯುತ್ತಿದ್ದರು. ನನಗೆ ಅವರ ಮೇಲೂ ಸಿಟ್ಟು ಬಂತು, ಅಯ್ಯೋ ಎಂದೂ ಅನ್ನಿಸಿತು.

ಆಮೇಲೆ ಬಂತು ನೋಡಿ ಆ ಮಧ್ಯಾಹ್ನ.

ಹೊಸ ನಂಬರು. "ಬೀಗತೇರ, ನಾನ್ರಿ." ಹುಡುಗನ ಅಪ್ಪನ ದನಿ. "ನನ್ನ ಫೋನು ರಿಪೇರಿಗೆ ಕೊಟ್ಟೇನಿ. ಇದು ಟಿಕೀಟ ತಗಸುವ ಅಂಗಡಿಯವನ ಫೋನು. ಮದವಿ ಆದ ಮ್ಯಾಲ ಹುಡುಗರು ಎಲ್ಲೆರ ಹೋಗಿ ಬರಲಿ ಅಂತ ಇಬ್ಬರಿಗೂ ಟಿಕೀಟ ತಗಸಾಕತ್ತೇನಿ. ಮಗಳ ಆಧಾರ್ ಕಾರ್ಡಿನ ಫೋಟೋ ಇದೇ ನಂಬರಿಗೆ ಕಳಸ್ರಿ. ಅವರಿಗೆ ಈಗ ಹೇಳಬ್ಯಾಡ್ರಿ."

ದನಿ ಅವರದೇ. ಮಾತಿನ ನಡುವೆ ಗಂಟಲು ಕೆರೆಯುವ ರೂಢಿಯೂ ಅವರದೇ. ಅವರೇ ಇರಬೇಕು ಎಂದು ನನ್ನ ಮನಸ್ಸಿಗೆ ಪಕ್ಕಾ ಅನ್ನಿಸಿತು. ಆದರೆ ಕಾಕಾ ಎಂದವನ ಫೋನು ಬಂದಾಗಲೂ ಇದೇ ಮನಸ್ಸಿಗೆ ಪಕ್ಕಾ ಅನ್ನಿಸಿತ್ತು. ಹೊಸ ನಂಬರು, ಈಗಲೇ ಬೇಕು, ಯಾರಿಗೂ ಹೇಳಬೇಡಿ. ಕಳ್ಳನಾಗಿದ್ದರೆ ಇದಕ್ಕಿಂತ ಬೇರೆ ಏನು ಹೇಳುತ್ತಿದ್ದ? ಅಂಥ ಪ್ರೀತಿಯ ಕಾರಣ ಹೇಳಿದ್ದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕಟ್ ಮಾಡಿದೆ.

ಅವರ ಹಳೆಯ ನಂಬರಿಗೆ ಮಾಡಿದೆ, ಬಂದಾಗಿತ್ತು. ಹುಡುಗನ ತಾಯಿಗೆ ಮಾಡಿದೆ, ಎತ್ತಲಿಲ್ಲ. ಅಷ್ಟರಲ್ಲಿ ಹೊಸ ನಂಬರಿನಿಂದ ಮತ್ತೆ ಬಂತು.

"ಕಟ್ ಆತು ನೋಡ್ರಿ."

"ಆಗಿಲ್ರಿ, ನಾನ ಮಾಡೇನಿ. ತಪ್ಪು ತಿಳಕೋಬ್ಯಾಡ್ರಿ. ನಿಮ್ಮ ಮನಿಯವರ ಜೋಡಿ ಮಾತಾಡಿ, ಖಾತ್ರಿ ಮಾಡಿಕೊಂಡು ಕಳಸ್ತೀನ್ರಿ."

"ಏನಂದ್ರಿ? ನಾ ಯಾರು ಅಂತ ನನ್ನ ಹೇಣ್ತಿನ್ನ ಕೇಳತೀರಿ?" ದನಿ ಏರಿತು. "ನಿಮಗ ತಲಿಗಿಲಿ..."

ಮತ್ತೆ ಕಟ್ ಮಾಡಿದೆ.

ಅವರೇ ಆಗಿದ್ದರು. ಸಂಜೆ ಹುಡುಗನ ತಾಯಿ ಫೋನು ಎತ್ತಿದಾಗ ಗೊತ್ತಾಯಿತು. ಆ ಹೊತ್ತಿಗೆ ಬೀಗರು ನಮ್ಮನೆಯವರಿಗೆ ಫೋನು ಮಾಡಿ ಆಡಬೇಕಾದ್ದನ್ನೆಲ್ಲ ಆಡಿಯಾಗಿತ್ತು. ಬರುವ ರವಿವಾರ ಪುಣೆಗೆ ಬರುತ್ತೇವೆ, ನಿಮ್ಮ ಮನೆಯವರು ಎಲ್ಲರ ಮುಂದೆ ಕ್ಷಮಾ ಕೇಳಬೇಕು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಮಾತು ಕೊಡಬೇಕು. ಇಲ್ಲವಾದರೆ ಈ ಸಂಬಂಧ ಇಲ್ಲಿಗೇ ಬಿಡೋಣ ಎಂದಿದ್ದರು.

ನಮ್ಮನೆಯವರು ಮುಖ ಸಣ್ಣದು ಮಾಡಿಕೊಂಡು ಕೂತರು. "ನಿಂದು ಖರೆ ಅದ. ಆದರ ಒಂದು ಮಾತು, ಕ್ಷಮಾ ಕೇಳಿದ್ರ ಏನು ಗಂಟು ಹೋಗ್ತದ? ಮಗಳ ಬಾಳ್ವೆ ಅದ."

ಅದೇ ತಾನೇ ನನ್ನನ್ನು ಕಿತ್ತು ತಿನ್ನುತ್ತಿದ್ದುದು! ನನಗೆ ಧೈರ್ಯವಿತ್ತು ಎಂದು ಯಾರೂ ತಿಳಿಯಬಾರದು. ಮಗಳಿಗೆ ಆ ಹುಡುಗನೆಂದರೆ ಜೀವ. ಅವನ ಹೆಸರು ಬಂದರೆ ಸಾಕು, ಅವಳ ಮುಖದಲ್ಲಿ ಬೆಳಕು ಬರುತ್ತಿತ್ತು. ನನ್ನ ಹಟಕ್ಕೆ ಅವಳು ಏಕೆ ಅಳಬೇಕು? ಅಂಗಡಿಯಲ್ಲಿ ಬೂಟಿನ ಸೈಜು ತಪ್ಪಿ ತಪ್ಪಿ ಕೊಟ್ಟೆ. ಕೊನೆಗೆ ಮಗಳ ಹತ್ತಿರವೇ ಹೋದೆ.

"ನನಗ ಒಂದು ಮಾತಿನ್ಯಾಗ ಹೇಳು. ಕೇಳಲೇನು, ಬ್ಯಾಡೇನು?"

ಅತ್ತು ಅತ್ತು ಅವಳ ಕಣ್ಣು ಕೆಂಪಾಗಿದ್ದವು. ನನ್ನ ಮೇಲೆ ಸಿಟ್ಟೂ ಇತ್ತು, ಮುಚ್ಚಿಡಲಿಲ್ಲ. "ನೀ ಸ್ವಲ್ಪ ಸಮಾಧಾನದಿಂದ ಮಾತಾಡಬೇಕಾಗಿತ್ತು ಅವ್ವಾ. ಅವರಿಗೆ ಎಷ್ಟು ಕೆಟ್ಟ ಅನಿಸಿರಬೇಕು!" ಎಂದಳು. ಮೂಗು ಒರೆಸಿಕೊಂಡು ಮತ್ತೆ ಹೇಳಿದಳು, "ತಪ್ಪು ಮಾಡೇನಿ ಅಂತ ನಿನಗ ಅನಿಸಿದ್ರ ಕೇಳು. ನನ್ನ ಸಲುವಾಗಿ ಅಂತ ಕೇಳಬ್ಯಾಡ. ನಾಳೆ ಆ ಮನ್ಯಾಗ ನಾನು ಬಾಯಿ ತಗಿಯೂದು ಹೆಂಗ?"

ನಾನು ಅವಳ ತಲೆ ಸವರಿ ಎದ್ದು ಬಂದೆ. ಹೆದರಿಕೆ ಹೋಗಲಿಲ್ಲ. ಆದರೆ ಏನು ಮಾಡಬೇಕು ಎಂಬುದು ಗೊತ್ತಾಯಿತು.

ರವಿವಾರ ಬೀಗರು ಬಂದರು. ಹುಡುಗನ ಅಪ್ಪ, ಅವ್ವ, ಹುಡುಗ, ಮೂವರೇ. ಕೈಕಾಲು ತೊಳೆಯಲು ನೀರು ಕೊಟ್ಟೆ, ಅವಲಕ್ಕಿ, ಚಹಾ ಕೊಟ್ಟೆ. ಮರ್ಯಾದೆಯಲ್ಲಿ ಎಳ್ಳಷ್ಟೂ ಕಡಿಮೆ ಮಾಡಲಿಲ್ಲ. ಬೀಗರು ತಟ್ಟೆ ಮುಟ್ಟಲಿಲ್ಲ. ಹುಡುಗನ ತಾಯಿ ಯಾವಾಗಲೂ ಹೆಚ್ಚು ಮಾತಾಡುವವರಲ್ಲ, ಚಹಾದ ಕಪ್ಪು ಕೈಯಲ್ಲಿ ಹಿಡಿದು ನೆಲ ನೋಡುತ್ತ ಕೂತಿದ್ದರು. ಹುಡುಗ ನನ್ನ ಮಗಳತ್ತ ನೋಡುವುದು, ಅಪ್ಪನತ್ತ ನೋಡುವುದು ಮಾಡುತ್ತಿದ್ದ.

"ನಮ್ಮ ಮನಿತನದಾಗ ಇಲ್ಲೀತನಕ ನನ್ನ ಮಾತು ಯಾರೂ ಕಡದಿಲ್ಲ" ಎಂದು ಬೀಗರು ಶುರುಮಾಡಿದರು. "ನಿಮ್ಮ ಅಂಗಡಿಗೆ ಬಂದ ಗಿರಾಕಿಗೂ ಹಿಂಗ ಮಾಡ್ತೀರೇನು?"

"ಮಾಡ್ತೀನ್ರಿ" ಎಂದೆ. "ಕಾರ್ಡ ತೋರಸ್ರಿ ಅಂತೀನಿ. ಖರೇ ಫೌಜಿನಾಂವ ಇದ್ರ ಸುಮ್ನ ಕಿಸೇದಾಗ ಕೈ ಹಾಕ್ತಾನ, ತಗದು ತೋರಸ್ತಾನ. ಖೊಟ್ಟಿ ಇದ್ದಾಂವ ದನಿ ಏರಸ್ತಾನ. ಇಷ್ಟು ವರ್ಷ ಇದನ್ನ ನೋಡಕೊಂತ ಬಂದೇನ್ರಿ."

"ಅಂದ್ರ ನಾ ಖೊಟ್ಟಿ ಅಂದಂಗಾತು?"

"ನೀವು ಖರೆ ಇದ್ದೀರಿ. ಅದಕ್ಕನ ಕೇಳಾಕತ್ತೇನ್ರಿ, ನಿಮಗ ಯಾಕ ಸಿಟ್ಟು?"

ನಮ್ಮನೆಯವರು ಮೆಲ್ಲಗೆ ನನ್ನ ತೋಳು ಹಿಡಿದರು. ಬೀಗರ ಮುಖ ಕೆಂಪಾಯಿತು. "ಈ ಜಾಣತನ ಬ್ಯಾಡ್ರಿ. ನನಗ ಒಂದು ಮಾತು ಬೇಕು. ಇನ್ನ ಮ್ಯಾಲ ನನ್ನ ಫೋನು ಕಟ್ ಮಾಡೂದಿಲ್ಲ ಅನ್ರಿ. ಮುಗೀತು."

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳತ್ತ ನೋಡಿದರೆ ನನ್ನ ಬಾಯಿ ಕಟ್ಟುತ್ತದೆ ಎಂದು ನೋಡಲಿಲ್ಲ.

"ಅನ್ನೂದಿಲ್ರಿ. ನಾಳೆ ಮತ್ತ ಹೊಸಾ ನಂಬರಿನಿಂದ ಮಾಡಿ ಏನರ ಬೇಡಿದ್ರ, ಮತ್ತ ಕಟ್ ಮಾಡ್ತೀನಿ. ನಿಮ್ಮ ಸೊಸಿಗೂ ಇದನ್ನ ಕಲಿಸೇ ಕಳಸ್ತೀನಿ. ನಿಮಗ ಕೆಟ್ಟ ಅನಿಸೇದ, ಅದು ನನಗ ಖರೇನ ಕೆಟ್ಟ ಅನಿಸೇದ. ಆದರ ಮಾಡಿದ್ದು ತಪ್ಪಲ್ಲ. ಆ ಕಳ್ಳ ನನ್ನ ರೊಕ್ಕ ಒಯ್ದ, ಒಯ್ಯಲಿ. ಅಂವ ನನ್ನ ಬಾಯಿ ಕಟ್ಟಿದ್ದ ನೋಡ್ರಿ, ಅದು ನನಗ ತಡಕೊಳ್ಳಾಕ ಆಗವಲ್ದು. ಯಾರನ್ನೂ ಕೇಳಬ್ಯಾಡ ಅಂದ, ಮರ್ಯಾದಿ ಹೋಗ್ತದ ಅಂದ. ನಾ ಯಾರನ್ನೂ ಕೇಳಲಿಲ್ಲ. ಒಂದು ಫೋನು ಮಾಡಿ ಕೇಳಿದ್ರ ಮುಗೀತಿತ್ತು."

ಬೀಗರು ಎದ್ದು ನಿಂತರು. "ನಡೀರಿ" ಎಂದು ಹೆಂಡತಿ, ಮಗನಿಗೆ ಹೇಳಿದರು. ಮುಗಿಯಿತು ಎಂದುಕೊಂಡೆ.

ಹುಡುಗನ ತಾಯಿ ಏಳಲಿಲ್ಲ. ಕಪ್ಪನ್ನು ನೆಲದ ಮೇಲಿಟ್ಟರು. ಗಂಡನ ಕಡೆಗಲ್ಲ, ನನ್ನ ಕಡೆಗಲ್ಲ, ಮಗನ ಕಡೆ ತಿರುಗಿದರು.

"ಹ್ವಾದ ದೀಪಾವಳಿಗೆ ನಿನ್ನ ಪೊಲೀಸರು ಹಿಡದಿದ್ರೇನು?"

"ನನ್ನ?" ಹುಡುಗ ಕಣ್ಣು ಕಣ್ಣು ಬಿಟ್ಟ. "ಯಾವ ಪೊಲೀಸರು ಅವ್ವಾ?"

"ನೀರು ತುಂಬೋ ಹಬ್ಬದ ದಿನ. ಮುಂಜಾನೆ ಫೋನು ಬಂತು. ಪುಣೆ ಪೊಲೀಸರು ಅಂದ್ರು. ಒಂದು ಹುಡುಗಿಗೆ ಏನೋ ಮಾಡಿ ಸಿಕ್ಕಾನ ಅಂದ್ರು. ಹಿಂದ ನೀ ಅವ್ವಾ ಅವ್ವಾ ಅಂತ ಅಳಾಕತ್ತಿದ್ದಿ. ನಿಂದೇ ದನಿ. ರೊಕ್ಕಾ ಕಳಿಸಿದ್ರ ಕೇಸ್ ಇಲ್ದ ಬಿಡತೀವಿ ಅಂದ್ರು. ಕೈಯಾಗಿನ ಬಂಗಾರದ ಬಿಲವಾರ ಒತ್ತಿ ಇಟ್ಟು ಕಳಿಸಿದೆ."

ಬೀಗರು ನಿಂತಲ್ಲೇ ಹೆಂಡತಿಯ ಖಾಲಿ ಕೈಗಳನ್ನು ನೋಡಿದರು. "ಪಾಲಿಶಿಗೆ ಕೊಟ್ಟೇನಿ ಅಂದಿದ್ದಿ..."

ಹುಡುಗನ ತಾಯಿ ಮಗನನ್ನೇ ನೋಡುತ್ತಿದ್ದರು.

"ಅವತ್ತು ನಾ ಬಸ್ಸಿನ್ಯಾಗ ಇದ್ದೆ ಅವ್ವಾ" ಎಂದ ಹುಡುಗ. "ಹಬ್ಬಕ್ಕಂತ ಮುಂಜಾನೆ ಪುಣೆ ಬಿಟ್ಟೆ. ಸಂಜೀಕ ಮನಿಗೆ ಬಂದ್ನೆಲ್ಲ! ನಿನ್ನ ಕೈಯಾಗ ಸ್ವೀಟಿನ ಬಾಕ್ಸ್ ಕೊಟ್ಟೆ."

"ಹೌದು, ಬಂದಿ. ಬಿಟ್ಟು ಕಳಿಸ್ಯಾರ ಅಂತ ತಿಳಕೊಂಡೆ."

ಅಂದರೆ ಈ ತಾಯಿ ಅಂದಿನಿಂದ ಮಗನನ್ನು ಆ ಕಣ್ಣಿನಿಂದ ನೋಡುತ್ತಿದ್ದಳು. ಅವನಿಗೆ ಬಡಿಸುವಾಗ, ಅವನ ಬಟ್ಟೆ ಮಡಚುವಾಗ, ಅವನಿಗೆ ಹೆಣ್ಣು ನೋಡುವಾಗ. ನನ್ನ ಮಗಳಿಗೆ ಕುಂಕುಮ ಹಚ್ಚಿ ಸೀರೆ ಕೊಡುವಾಗಲೂ.

"ಒಂದು ಮಾತು ನನ್ನ ಕೇಳಬಾರದಿತ್ತಾ?" ಹುಡುಗ ತಾಯಿಯ ಮುಂದೆ ನೆಲದ ಮೇಲೆ ಕೂತ. "ಇಷ್ಟು ದಿನಾ ನಾನು ಅಂಥಾಂವ ಅಂತ ತಿಳಕೊಂಡಿದ್ದೇನು?"

"ಅವನ ಮುಂದ ಈ ಮಾತು ಎತ್ತಬ್ಯಾಡ್ರಿ, ನಾಚಿಕಿಗೆ ಜೀವಕ್ಕ ಏನರ ಮಾಡಿಕೊಂಡಾನು ಅಂದಿದ್ರು." ಅವರು ಮಗನ ಗಲ್ಲ ಹಿಡಿದರು. "ಮತ್ತ ನಾ ಹೆಂಗ ಕೇಳಲಪಾ? ಕೇಳಿ, ನೀ ಹೌದು ಅಂದಿದ್ರ?"

ಹುಡುಗ ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟ. ನನ್ನ ಮಗಳು ಬಾಗಿಲಿನಿಂದ ಬಂದು ಅವನ ಪಕ್ಕದಲ್ಲಿ ಕೂತಳು.

ಬೀಗರು ಮೆಲ್ಲನೆ ಕುರ್ಚಿಯ ಮೇಲೆ ಕುಸಿದರು. "ನನಗರ ಹೇಳಬಾರದೇನು?" ಎಂದರು.

"ಹೇಳಿದ್ರ ಅವನ್ನ ಮನಿಯೊಳಗ ಬಿಟ್ಟುಕೋತಿದ್ದಿರೇನು?"

ಬೀಗರು ಕೈಯೊರೆಸುವ ವಸ್ತ್ರದಿಂದ ಮುಖ ಒರೆಸಿಕೊಂಡರು. ಅವರನ್ನು ನೋಡಿ ನನ್ನ ಸಿಟ್ಟೆಲ್ಲ ಎಲ್ಲಿಗೋ ಹೋಯಿತು. ಗೆಲ್ಲಲು ನನಗೆ ಮನಸ್ಸಾಗಲಿಲ್ಲ. ಈ ಮನುಷ್ಯ ಹುಬ್ಬಳ್ಳಿಯಿಂದ ಇಷ್ಟು ದೂರ ಮರ್ಯಾದೆಗಾಗಿ ಬಂದಿದ್ದಾರೆ, ಒಂದು ಮಾತು ಅಂದುಬಿಡೋಣ, ಹೋಗಲಿ ಎನ್ನಿಸಿತು. ಕೈ ಮುಗಿದೆ. "ಬೀಗರ..." ಎಂದು ಬಾಯಿ ತೆರೆದೆ.

ಹುಡುಗನ ತಾಯಿ ಒಂದು ಕೈ ಮಗನ ತಲೆಯ ಮೇಲಿಟ್ಟುಕೊಂಡೇ ಇನ್ನೊಂದು ಕೈಯಿಂದ ನನ್ನ ಮುಗಿದ ಕೈಗಳನ್ನು ಕೆಳಗಿಳಿಸಿದರು.

"ನೀವು ಕ್ಷಮಾ ಕೇಳಬ್ಯಾಡ್ರಿ ಬೀಗತೇರ" ಎಂದರು, ಗಂಡನಿಗೂ ಕೇಳುವ ಹಾಗೆ. "ಕೇಳಿದ್ರ ನಾ ಈ ಮದವಿಗೆ ಬರೂದಿಲ್ಲ."